ಒಂದು, ಅರ್ಧ

ವಾಕಿಟಾಕಿಯಲ್ಲಿ ಯಾರಾದರೂ ನಂಬರ್ ಹೇಳಿದರೆ ಈಗಲೂ ನನ್ನ ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತದೆ. ಕಾರಣ 9 ನಿಮಿಷ, 750 ಲೀಟರ್ ವೈನ್ ಮತ್ತು ಪೋರ್ಚುಗೀಸ್‌ನ ಒಂದು ಪುಟ್ಟ ಪದ.

ನಾನಿರುವುದು ಪೋರ್ಚುಗಲ್‌ನ ಉತ್ತರ ತುದಿಗೆ, ಲೀಮಾ ನದಿ ಕಣಿವೆಯ ಒಂದು ಕಿಂಟಾದಲ್ಲಿ, ಅಂದರೆ ವೈನ್ ಮಾಡುವ ತೋಟದಲ್ಲಿ. ವಿನ್ಯು ವೆರ್ದ್ ಅನ್ನುವ ವೈನಿನ ಸೀಮೆ, 1908ರಲ್ಲೇ ಗಡಿ ಗುರುತು ಮಾಡಿದ್ದು. ಹೆಸರಲ್ಲಿ ಹಸಿರಿದೆ ಅಂತ ವೈನ್ ಹಸಿರಲ್ಲ, ಎಳೇ ವೈನ್ ಅಂತ ಅರ್ಥ ಅಷ್ಟೇ. ಮಳೆ ವಿಪರೀತ. ಹಳೇ ತೋಟಗಳಲ್ಲಿ ಬಳ್ಳಿ ಇನ್ನೂ ಚಪ್ಪರದ ಮೇಲೆ, ಚಪ್ಪರ ಕಲ್ಲುಕಂಬದ ಮೇಲೆ. ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಬೆಂಗಳೂರು ಬ್ಲೂ ತೋಟವೂ ಹೀಗೇ. ಬಂದ ಹೊಸದರಲ್ಲಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಕಂಬ ಎಲ್ಲಿಂದ ತರ್ಸಿದಾರೋ?" ಅಂದರು. ಹಣ್ಣಿನ ಬಗ್ಗೆ ಒಂದು ಮಾತೂ ಇಲ್ಲ.

ಇಲ್ಲಿ ಮಾಡುವುದು ಡ್ರೈ ಬಿಳಿ ವೈನ್. ಮೂರು ಜಾತಿ ದ್ರಾಕ್ಷಿ ಹಣ್ಣಿನ ಬ್ಲೆಂಡ್. ಲೊರೈರು ಇದ್ದರೆ ಪರಿಮಳ: ಕಿತ್ತಳೆ ಹೂವು, ಸ್ವಲ್ಪ ಪಲಾವ್ ಎಲೆ. ಅರಿಂಟು ಅಂದರೆ ಹುಳಿ. ಟ್ರಜದೂರಾ ಮೆತ್ತಗೆ, ಹುಳಿ ಕಡಿಮೆ, ಬಾಯಿ ತುಂಬಿದ ಹಾಗೆ ಇರುತ್ತದೆ. ಅಗ್ಗದ ವಿನ್ಯು ವೆರ್ದ್‌ಗಳಲ್ಲಿ ಸ್ವಲ್ಪ ಸಿಹಿ ಉಳಿಸಿ ಹುಳಿ ಮುಚ್ಚುತ್ತಾರೆ, ಮೇಲೆ ಗ್ಯಾಸ್ ಬೇರೆ ಹಾಕುತ್ತಾರೆ. ನಮ್ಮಲ್ಲಿ ಆ ಆಟ ಇಲ್ಲ. ಸಕ್ಕರೆ ಲೀಟರಿಗೆ 2 ಗ್ರಾಂ ಕೂಡ ಉಳಿಯಬಾರದು. ಹಾಗಾಗಿ ಅರಿಂಟು ಒಂದಿಷ್ಟು ಜಾಸ್ತಿಯಾದರೂ ದವಡೆ ಜುಂ ಅನ್ನುತ್ತದೆ, ಮುಚ್ಚಿಡಲು ಏನೂ ಇಲ್ಲ.

ಅವತ್ತು ಅಕ್ಟೋಬರ್ ಕೊನೆ. ಫರ್ಮೆಂಟೇಶನ್ ಎಲ್ಲ ಮುಗಿದು ಟ್ರಾಸ್ಫೇಗಾ, ಅಂದರೆ ವೈನನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹಾಕುವ ಕೆಲಸ, ನಡೀತಿತ್ತು. ಟ್ಯಾಂಕಿಗೆ ಇಲ್ಲಿ ಕೂಬಾ ಅನ್ನುತ್ತಾರೆ, ತಳದ ಗಸಿಗೆ ಬೊರ್ರಾ. 9ನೇ ಕೂಬಾದ ಅರಿಂಟು ಬೊರ್ರಾದಿಂದ ಎತ್ತಿ ಬೇರೆ ಕಡೆ ಹಾಕಬೇಕು. ಪಂಪ್ ಹೊರಗಡೆ ಶೆಡ್ಡಿನಲ್ಲಿ, ಅಲ್ಲಿ ನನ್ನ ಬ್ರೆಜಿಲ್ ಗೆಳೆಯ. ಹೋಸಿನ ಇನ್ನೊಂದು ತುದಿ ಹಿಡಿದು ಒಳಗೆ ನಾನು. ಯಾವ ಕೂಬಾಕ್ಕೆ ಅಂತ ಬೆಳಗ್ಗೆ ಬೋರ್ಡಿನ ಮೇಲೆ ಬರೆಯಬೇಕಿತ್ತು. ಬೋರ್ಡ್ ಟೇಸ್ಟಿಂಗ್ ರೂಮಿಗೆ ಹೋಗಿತ್ತು, ಅಲ್ಲಿ ಪ್ರವಾಸಿಗಳಿಗೆ ಚೀಸ್ ರೇಟ್ ಬರೆಯಲು. ಹೊಸ ಟೇಸ್ಟಿಂಗ್ ರೂಮಿಗೆ ಗಾಜಿನ ಗೋಡೆ ಹಾಕಿಸಲು ದುಡ್ಡಿದೆ, ಇನ್ನೊಂದು ಬೋರ್ಡಿಗೆ ಇಲ್ಲ. ಇರಲಿ.

ವಾಕಿಟಾಕಿಯಲ್ಲಿ ಕೇಳಿದೆ: ಯಾವುದಕ್ಕೆ?

"ಉಂ-ಮೇಯಾ."

ಉಂ ಅಂದರೆ ಒಂದು. ಮೇಯಾ ಅಂದರೆ ಅರ್ಧ. ನಾನು ಪೋರ್ಚುಗೀಸ್ ಕಲಿತದ್ದು ಲಿಸ್ಬನ್ ಕಡೆಯ ಮೇಷ್ಟ್ರಿಂದ. ಒಂದು, ಅರ್ಧ. ತಿರುಗಿ ನೋಡಿದರೆ 1ನೇ ಕೂಬಾ. ಹತ್ತು ಸಾವಿರ ಲೀಟರಿನದು, ಒಳಗೆ ಆರು ಸಾವಿರ ಇದೆ. ಹೆಚ್ಚುಕಮ್ಮಿ ಅರ್ಧ! ಹಾಗಾದರೆ ಅರ್ಧ ಇರುವ ಒಂದು. ಸರಿಹೋಯ್ತಲ್ಲ.

ಕೂಬಾದ ಮೇಲೆ ಸೀಮೆಸುಣ್ಣದಲ್ಲಿ LOU ಅಂತ ಬರೆದಿತ್ತು, ಅಂದರೆ ಲೊರೈರು. ಅದನ್ನು ನೋಡಿದೆ, ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನೋಡಿದ ತಕ್ಷಣ ತಲೆ ಅದಕ್ಕೂ ಒಂದು ಸಮಾಧಾನ ಹುಡುಕಿತು: ಬ್ಲೆಂಡಿನಲ್ಲಿ ಲೊರೈರು ಇರುತ್ತದೆ, ಅರಿಂಟು ಹೋಗಿ ಅದಕ್ಕೆ ಸೇರುತ್ತದೆ, ಇವತ್ತೇ ಬ್ಲೆಂಡ್ ಶುರು ಮಾಡಿದ್ದಾರೆ. ಇನ್ನೊಂದು ಸಲ ಕೇಳಬಹುದಿತ್ತು. ಆದರೆ ಹಿಂದಿನ ವಾರ ಒಂದೇ ಮಾತು ಮೂರು ಸಲ ಕೇಳಿ ಎಲ್ಲರ ಕೈಲಿ ನಗಿಸಿಕೊಂಡಿದ್ದೆ. ಸುಮ್ನೆ ಹೋಸ್ ಸಿಕ್ಕಿಸಿ, ವಾಲ್ವ್ ತೆಗೆದು, "ಪೋಡ್" ಅಂದೆ, ಬಿಡಬಹುದು ಅಂತ. ಪಂಪ್ ಶುರುವಾಯಿತು.

ನಮ್ಮ ಪಂಪ್ ಗಂಟೆಗೆ ಐದು ಸಾವಿರ ಲೀಟರ್ ತಳ್ಳುತ್ತದೆ. ನಿಮಿಷಕ್ಕೆ 83. ಆಗ ನಾನು ಈ ಲೆಕ್ಕ ಹಾಕಲಿಲ್ಲ. ಹೋಸಿನ ಮೇಲೆ ಅಂಗೈ ಇಟ್ಟುಕೊಂಡು, ಒಳಗೆ ತಣ್ಣಗೆ ಹರಿಯುವುದು ಗೊತ್ತಾಗುತ್ತಾ, ಖುಷಿಯಾಗಿ ನಿಂತಿದ್ದೆ.

ಎಂಜೆನ್ಯೇರಾ ಗ್ಲಾಸ್ ಹಿಡಿದು ಬಂದರು. ಇಲ್ಲಿ ವೈನ್ ಮಾಡುವವರನ್ನು ಹೆಸರಿಡಿದು ಕರೆಯುವ ಹಾಗಿಲ್ಲ, ಎಂಜೆನ್ಯೇರಾ ಅನ್ನಬೇಕು. ನನ್ನನ್ನು ನೋಡಿದರು, ಹೋಸ್ ನೋಡಿದರು, ಕೂಬಾ ನೋಡಿದರು. ಮುಖದ ಬಣ್ಣ ಹೋಯಿತು.

ಏನೋ ತಪ್ಪಾಗಿದೆ ಅಂತ ಗೊತ್ತಾಗಿ ನಾನು ವಾಲ್ವ್ ಮುಚ್ಚಲು ಕೈ ಹಾಕಿದೆ. "ಬೇಡ! ಪಂಪ್!" ಅಂತ ಕಿರುಚಿದರು. ಅವರು ಹೇಳಿದ್ದು ಸರಿ. ಆ ಪಂಪ್ ಓಡುತ್ತಿರುವಾಗ ಈ ತುದಿ ಮುಚ್ಚಿದರೆ ಹೋಸ್ ಸಿಡಿಯುತ್ತದೆ, ಅರಿಂಟು ಗೋಡೆಗೆ. ವಾಕಿಟಾಕಿಯಲ್ಲಿ ಕರೆದೆ. ಉತ್ತರ ಇಲ್ಲ. ಬ್ಯಾಟರಿ ಸತ್ತಿದೆಯೋ, ಪಂಪಿನ ಸದ್ದಿಗೆ ಕೇಳಿಸಲಿಲ್ಲವೋ. ಒದ್ದೆ ನೆಲದಲ್ಲಿ ಗಂಬೂಟು ಹಾಕಿಕೊಂಡು ಓಡಿದೆ. ಆ ಐವತ್ತು ಹೆಜ್ಜೆ ನನ್ನ ಜೀವನದ ಅತಿ ಉದ್ದದ ಐವತ್ತು ಹೆಜ್ಜೆ. ಶೆಡ್ಡಿನಲ್ಲಿ ಅವನು ಪಂಪಿನ ಮೇಲೆ ಕಾಲಿಟ್ಟುಕೊಂಡು ಬ್ರೆಡ್ ತಿನ್ನುತ್ತಿದ್ದ. ಸ್ವಿಚ್ ನಾನೇ ಆರಿಸಿದೆ.

"ಹದಿನಾರಕ್ಕೆ ಅಂದೆನಲ್ಲ," ಅಂದ ಅವನು. "ಉಂ-ಮೇಯಾ. ಒಂದು, ಆರು."

ಬ್ರೆಜಿಲ್‌ನಲ್ಲಿ ನಂಬರ್ ಓದಿ ಹೇಳುವಾಗ ಆರಕ್ಕೆ ಮೇಯಾ ಅನ್ನುತ್ತಾರೆ. ಅರ್ಧ ಡಜನ್, ಅಂದರೆ ಆರು. ಫೋನಿನಲ್ಲಿ ಆರಕ್ಕೂ ಮೂರಕ್ಕೂ ಗೊಂದಲ ಆಗಬಾರದು ಅಂತ ಹುಟ್ಟಿದ ರೂಢಿಯಂತೆ. ಗೊಂದಲ ಆಗಬಾರದು ಅಂತ!

1ನೇ ಕೂಬಾದಲ್ಲಿ ಇದ್ದದ್ದು ಬರೀ ಲೊರೈರು, ಬೇರೆ ಲೇಬಲ್ಲಿಗೆ ಅಂತ ತೆಗೆದಿಟ್ಟಿದ್ದು. ಎಂಜೆನ್ಯೇರಾ ಏಣಿ ಹತ್ತಿ ಅಳತೆ ತೆಗೆದರು. 750 ಲೀಟರ್ ಹೆಚ್ಚು. ಸರಿಯಾಗಿ ಒಂದು ಸಾವಿರ ಬಾಟಲಿ. ನಾನು ಮೊಬೈಲಿನಲ್ಲಿ ಲೆಕ್ಕ ಹಾಕಿ ಆಸೆಯಿಂದ ಹೇಳಿದೆ: ಬೆರೆತದ್ದು ನೂರಕ್ಕೆ 11 ಚಿಲ್ಲರೆ. ಯುರೋಪಿನ ಕಾನೂನು ಪ್ರಕಾರ ಒಂದು ಹಣ್ಣಿನ ಹೆಸರು ಹಾಕಲು 85 ಇದ್ದರೆ ಸಾಕು. ಈಗಲೂ ಲೊರೈರು ಅನ್ನಬಹುದು.

"ಕಾನೂನಿಗೆ ಸಾಕು," ಅಂದರು. "ನನ್ನ ಬಾಟಲಿಯ ಹಿಂಬದಿ ಲೇಬಲ್ಲಿನಲ್ಲಿ ನೂರಕ್ಕೆ ನೂರು ಅಂತ ಅಚ್ಚಾಗಿದೆ."

ಆಮೇಲೆ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದರು. ಲೀಮಾ ನದಿ ದಾಟಿದರೆ ಎಲ್ಲ ಮರೆತುಹೋಗುತ್ತದೆ ಅಂತ ರೋಮನ್ ಸೈನಿಕರು ಹೆದರಿದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು, ಪೊಂಟೆ ದ ಲೀಮಾ ಊರಿನಲ್ಲಿ ದಡದ ಮೇಲೆ ಅವರ ಪ್ರತಿಮೆಗಳಿವೆ. ಸೇನಾಪತಿ ತಾನೇ ಮೊದಲು ದಾಟಿ, ಆ ಕಡೆಯಿಂದ ಒಬ್ಬೊಬ್ಬರನ್ನೇ ಹೆಸರಿಡಿದು ಕರೆದನಂತೆ. "ಅವನು ನದಿ ಆಚೆಯಿಂದ ಇಡೀ ಸೈನ್ಯದ ಹೆಸರು ಹೇಳಿದ. ನಿಮ್ಮಿಬ್ಬರ ಮಧ್ಯೆ ಒಂದು ಗೋಡೆ, ಒಂದು ನಂಬರ್."

ಮೂರು ದಿನ ಸಿಲಿಂಡರಿನಲ್ಲಿ ನೂರು ನೂರು ಎಂಎಲ್ ಬೆರೆಸಿ ಬೆರೆಸಿ ನೋಡಿದೆವು. ಕೊನೆಗೆ 1ನೇ ಕೂಬಾ ಪೂರ್ತಿ ಬ್ಲೆಂಡಿಗೆ ಹೋಯಿತು. 16ಕ್ಕೆ ಹೋಗಬೇಕಿದ್ದ ಅರಿಂಟು ಕಡಿಮೆ ಮಾಡಿ, ಟ್ರಜದೂರಾ ಸ್ವಲ್ಪ ಏರಿಸಿದರು. ಆ ವರ್ಷ ಬರೀ ಲೊರೈರಿನ ಬಾಟಲಿ ಬರಲಿಲ್ಲ. ಅದು ಬ್ಲೆಂಡಿಗಿಂತ ದುಬಾರಿ ಮಾಲು. ಎಷ್ಟು ನಷ್ಟ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಯಾರು ಯಾವ ನಂಬರ್ ಹೇಳಿದರೂ ನಾನು ತಿರುಗಿ ಹೇಳುತ್ತೇನೆ, ಜೊತೆಗೆ ಒಳಗಿರುವ ಹಣ್ಣಿನ ಹೆಸರೂ ಹೇಳಿಸುತ್ತೇನೆ. ನಗುವವರು ನಗಲಿ. ಆಫೀಸಿನವರು ತಮ್ಮ ಕಡೆಯಿಂದ ಎಲ್ಲರಿಗೂ ಒಂದು ಹೊಸ ಎಕ್ಸೆಲ್ ಫಾರ್ಮ್ ಕೊಟ್ಟರು. ಬೋರ್ಡ್ ವಾಪಸ್ ಬಂದಿಲ್ಲ.

ನವೆಂಬರ್ 11, ಸಾಂವ್ ಮಾರ್ಟಿನ್ಯು ಹಬ್ಬ. ಚೆಸ್ಟ್‌ನಟ್ ಸುಟ್ಟು ಹೊಸ ವೈನ್ ರುಚಿ ನೋಡುವ ದಿನ. ಬ್ರೆಜಿಲ್‌ನವನು ಬಿಸಿ ಬಿಸಿ ಪೊಟ್ಟಣ ಹಿಡಿದು ಬಂದು, "ಎಷ್ಟು ಬೇಕು, ಮೇಯಾ?" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಂಜೆನ್ಯೇರಾ ಮಾತ್ರ ಗ್ಲಾಸಿನೊಳಗೆ ನೋಡುತ್ತಿದ್ದರು.