ಇಳಿಯುವ ಹಗುರ ವಿಮಾನಕ್ಕೆ ಗಾಳಿಯ ಹೊಡೆತ: ಸಿಮ್ಯುಲೇಶನ್ ಎಲ್ಲಿಗೆ ಬಂತು

ನಾನು ಬರೆಯುತ್ತಿರುವ ಸಿಮ್ಯುಲೇಶನ್‌ನಲ್ಲಿ ಎದುರುಗಾಳಿ ಹಠಾತ್ತನೆ ಬಿದ್ದುಹೋಗುವ ಭಾಗ ಈಗ ನನಗೆ ತೃಪ್ತಿಯಾಗುವ ಮಟ್ಟಿಗೆ ಕೆಲಸ ಮಾಡುತ್ತಿದೆ. ಮಾದರಿಗೆ ಸೆಸ್ನಾ 172ರ ಗಾತ್ರದ ನಾಲ್ಕು ಸೀಟಿನ ವಿಮಾನವನ್ನು ಹಿಡಿದಿದ್ದೇನೆ. ಇಳಿಯುವ ವೇಗ 65 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಸ್ಟಾಲ್ ಆಗುವ, ಅಂದರೆ ರೆಕ್ಕೆಗೆ ವಿಮಾನವನ್ನು ಎತ್ತಿ ಹಿಡಿಯಲಾಗದೆ ಹೋಗುವ ವೇಗ 48 ನಾಟ್ ಎಂದು ಇಟ್ಟುಕೊಂಡಿದ್ದೇನೆ.

ರನ್‌ವೇಯಿಂದ 50 ಅಡಿ ಎತ್ತರದಲ್ಲಿ 15 ನಾಟ್ ಎದುರುಗಾಳಿ ಒಮ್ಮೆಲೇ ಮಾಯವಾಯಿತು ಎನ್ನಿ. ರೆಕ್ಕೆಗೆ ಸಿಗುವ ಗಾಳಿ 50 ನಾಟ್‌ಗೆ ಇಳಿಯುತ್ತದೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ, ಆ ಗಳಿಗೆಯಲ್ಲಿ ಶೇ. 41ರಷ್ಟು ಹೋಗಿಬಿಡುತ್ತದೆ. ವಿಮಾನ ಕುಸಿಯತೊಡಗಿದಂತೆ ಗಾಳಿ ಕೆಳಗಿನಿಂದ ಬಂದು ರೆಕ್ಕೆಗೆ ತಾಗುವ ಕೋನ ಹೆಚ್ಚಿ, ಬಲ ಒಂದಿಷ್ಟು ತಾನಾಗಿಯೇ ಮರಳುತ್ತದೆ. ಈ ಆವೃತ್ತಿಯಲ್ಲಿ ಹೊಸದಾಗಿ ಸೇರಿಸಿದ್ದು ಇದನ್ನೇ. ಗ್ರಾಫ್ ಈಗ ನಿಜವಾದ ವಿಮಾನದಂತೆ ವರ್ತಿಸುತ್ತದೆ. ಆದರೆ ಸ್ಟಾಲ್‌ಗೆ ಉಳಿದಿರುವ ಅಂತರ ಎಷ್ಟು ಬೇಗ ಕರಗುತ್ತದೆ ಎಂಬುದೂ ಅದರಲ್ಲೇ ಕಾಣುತ್ತದೆ.

65 ನಾಟ್‌ನಲ್ಲಿ ಪೈಲಟ್ ಮೂತಿ ಎತ್ತಿದರೆ ರೆಕ್ಕೆ ವಿಮಾನದ ತೂಕಕ್ಕಿಂತ ಶೇ. 83ರಷ್ಟು ಹೆಚ್ಚು ಬಲ ಕೊಡಬಲ್ಲದು. 50 ನಾಟ್‌ನಲ್ಲಿ ಆ ಹೆಚ್ಚುವರಿ ಬರೀ ಶೇ. 8. ಕುಸಿತ ತಡೆಯುವುದಕ್ಕೂ, ನೆಲ ಮುಟ್ಟುವ ಮುನ್ನ ವಿಮಾನವನ್ನು ನೇರ ಮಾಡುವುದಕ್ಕೂ ಇಷ್ಟರಲ್ಲೇ ಆಗಬೇಕು. ನೆಲ ಮೇಲೆದ್ದು ಬರುವಾಗ ಕಂಟ್ರೋಲ್ ಎಳೆಯುವುದು ಕೈಗೆ ಸಹಜ. ಅಲ್ಲೇ ಸ್ಟಾಲ್ ಆಗುತ್ತದೆ. ಅಪಘಾತದ ವರದಿಗಳಲ್ಲಿ ‘ಗಾಳಿಯ ಹೊಡೆತ’ ಎಂದು ಓದುವಾಗಲೆಲ್ಲ ನನಗೆ ಈ ಶೇ. 8 ನೆನಪಾಗುತ್ತದೆ. ಗಾಳಿ ಕಸಿದುಕೊಳ್ಳುವುದು ವೇಗವನ್ನು. ವಿಮಾನ ಬೀಳುವುದು ಅದಾದ ಮೇಲಿನ ಒಂದೆರಡು ಸೆಕೆಂಡುಗಳಲ್ಲಿ.

ಪೂರ್ತಿ ಥ್ರಾಟಲ್ ಕೊಟ್ಟರೆ? ಇಂಥ ಎಂಜಿನ್‌ಗೆ ಕಳೆದ 15 ನಾಟ್ ಮರಳಿ ಗಳಿಸಲು ಏಳೆಂಟು ಸೆಕೆಂಡು ಬೇಕು. ಏನೂ ಆಗದೆ ಮಾಮೂಲಿ 3 ಡಿಗ್ರಿ ಇಳಿಜಾರಿನಲ್ಲಿ ಬಂದರೂ 50 ಅಡಿ ಮುಗಿಯುವುದು ಸುಮಾರು 9 ಸೆಕೆಂಡಿನಲ್ಲಿ. ಹಾಗಾಗಿ ಗೋ-ಅರೌಂಡ್ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ) ನಿರ್ಧಾರ 200 ಅಡಿಯಲ್ಲೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಳಿ 15 ನಾಟ್ ಇದ್ದು ನಡುನಡುವೆ 25ಕ್ಕೆ ಏರುತ್ತಿದ್ದರೆ, ಆ ವ್ಯತ್ಯಾಸದ ಅರ್ಧ, ಅಂದರೆ 5 ನಾಟ್, ಇಳಿಯುವ ವೇಗಕ್ಕೆ ಸೇರಿಸಿ ಎಂದು ಕಲಿಸುತ್ತಾರೆ. ಅದನ್ನೂ ಹಾಕಿ ನೋಡಿದೆ. 70 ನಾಟ್‌ನಿಂದ 15 ಕಳೆದುಕೊಂಡರೂ ಶೇ. 31ರಷ್ಟು ಹೆಚ್ಚುವರಿ ಬಲ ಕೈಯಲ್ಲಿರುತ್ತದೆ. ಬರೀ 5 ನಾಟ್‌ಗೆ ಇಷ್ಟೊಂದು ವ್ಯತ್ಯಾಸ! ಬದಲಿಗೆ ರನ್‌ವೇ ಹೆಚ್ಚು ಬೇಕಾಗುತ್ತದೆ, ಅಂದಾಜು ಶೇ. 16ರಷ್ಟು.

ದೊಡ್ಡ ವಿಮಾನ ಬಿಟ್ಟುಹೋಗುವ ಸುಳಿಗಳ ಭಾಗ ಇನ್ನೂ ಅರ್ಧದಲ್ಲಿದೆ. ರೆಕ್ಕೆಯ ತುದಿಗಳಿಂದ ಹುಟ್ಟುವ ಈ ಸುಳಿಗಳು ನಿಮಿಷಕ್ಕೆ ಕೆಲವು ನೂರು ಅಡಿ ಕೆಳಗಿಳಿಯುತ್ತವೆ, ನೆಲದ ಹತ್ತಿರ ಬಂದಾಗ ಪಕ್ಕಕ್ಕೆ ಸರಿಯುತ್ತವೆ. ಅಡ್ಡಗಾಳಿ ಜೋರಾಗಿದ್ದರೆ ಅವನ್ನು ಹೊತ್ತೊಯ್ಯುತ್ತದೆ. ಕೆಲವೇ ನಾಟ್‌ಗಳ ಮಂದ ಅಡ್ಡಗಾಳಿಯಾದರೆ ಒಂದು ಸುಳಿ ರನ್‌ವೇ ಮೇಲೆಯೇ ನಿಂತುಬಿಡಬಹುದು. ಶಾಂತ ಹವೆ ಎಂದು ನಿರಾಳವಾಗುವಂತಿಲ್ಲ. 1993ರ ಡಿಸೆಂಬರ್ 15ರಂದು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಬೋಯಿಂಗ್ 757ರ ಹಿಂದೆ, ಅದರ ಹಾದಿಗಿಂತ ಕೆಳಗೆ ಬರುತ್ತಿದ್ದ ವೆಸ್ಟ್‌ವಿಂಡ್ ಎಂಬ ಸಣ್ಣ ಜೆಟ್ ಇಂಥ ಸುಳಿಗೆ ಸಿಕ್ಕಿ ಬಿದ್ದು ಐವರೂ ಸತ್ತರು. ಅದಾದ ಮೇಲೆ ಅಮೆರಿಕದಲ್ಲಿ 757ರ ಹಿಂದೆ ಬಿಡಬೇಕಾದ ಅಂತರ ಹೆಚ್ಚಿಸಿದರು. ಮುಂದೆ ಹೋಗುತ್ತಿರುವ ವಿಮಾನದ ಹಾದಿಗಿಂತ ಮೇಲೆಯೇ ಇದ್ದು, ಅದು ನೆಲ ಮುಟ್ಟಿದ ಜಾಗ ದಾಟಿ ಇಳಿಯಬೇಕು ಎಂಬ ಪಾಠವನ್ನು ಪರೀಕ್ಷಿಸಲು ಎರಡು ಹಾದಿಗಳನ್ನೂ ಒಂದೇ ಪರದೆಯಲ್ಲಿ ಬಿಡಿಸುತ್ತಿದ್ದೇನೆ.

ಸುಳಿ ಎಡಕ್ಕೆ ಉರುಳಿಸುವ ವೇಗಕ್ಕೆ ಎದುರಾಗಿ ಏಲೆರಾನ್ (ವಿಮಾನವನ್ನು ಎಡಬಲಕ್ಕೆ ಉರುಳಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಚಲಿಸುವ ಪಟ್ಟಿ) ಎಷ್ಟು ತಡೆಯಬಲ್ಲದು ಎಂಬ ಲೆಕ್ಕ ಬಾಕಿಯಿದೆ. ಅದಾದ ಮೇಲೆ ರನ್‌ವೇ ಪಕ್ಕದ ಮರಗಳು, ಹ್ಯಾಂಗರ್‌ಗಳ ಮರೆಯಲ್ಲಿ ಏಳುವ ಗಾಳಿ.