ಡ್ಯಾಶ್‌ಬೋರ್ಡ್ ಹಿಂದಿನ ಕೆಲಸ: ಹೆಡ್‌ಲೈಟ್ ಸ್ವಿಚ್ ಮತ್ತು ಅರ್ಥಿಂಗ್ ಮುಗಿಯಿತು

ಕಾರು 1960ರ ದಶಕದ ಬ್ರಿಟಿಷ್ ಮಾಡೆಲ್. ಇಂಜಿನ್ ಕೆಲಸ ಮುಗಿದ ಮೇಲೆ ಉಳಿದಿದ್ದು ವೈರಿಂಗ್. ತೊಂದರೆ ಮೂರು ಇದ್ದವು. ಹೆಡ್‌ಲೈಟ್ ಮಂಕಾಗಿ ಉರಿಯುತ್ತಿತ್ತು. ಇಂಡಿಕೇಟರ್ ಹಾಕಿದರೆ ಡ್ಯಾಶ್‌ಬೋರ್ಡಿನ ಲೈಟುಗಳೂ ಅದರ ಜೊತೆಗೇ ಮಿನುಗುತ್ತಿದ್ದವು. ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಇರಬೇಕಾದ್ದಕ್ಕಿಂತ ಮೇಲೆ ಹೋಗಿ ನಿಲ್ಲುತ್ತಿದ್ದವು.

ಮೊದಲು ಹೆಡ್‌ಲೈಟ್. ಬಲ್ಬಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್, ಬ್ಯಾಟರಿಯಲ್ಲಿ ಇದ್ದಷ್ಟೇ. ಇಲ್ಲಿಗೆ ವೈರಿಂಗ್ ಸರಿಯಿದೆ ಅಂತ ಬಿಟ್ಟುಬಿಡುವವರು ಜಾಸ್ತಿ. ಆದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಕಿಲುಬು ಹಿಡಿದ ಕಾಂಟ್ಯಾಕ್ಟ್ ಮೂಲಕವೂ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು. ಹಾಗೆ ಅಳೆದಾಗ ಬ್ಯಾಟರಿಯಲ್ಲಿ 12.2, ಬಲ್ಬಿನಲ್ಲಿ ಬರೀ 10.1. ದಾರಿಯಲ್ಲೇ 2.1 ವೋಲ್ಟ್ ಹೋಗುತ್ತಿತ್ತು. ವೋಲ್ಟೇಜ್ ಶೇಕಡಾ 10 ಇಳಿದರೆ ಈ ಬಲ್ಬುಗಳ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ, ಮಂಕಾಗದೆ ಇನ್ನೇನಾಗುತ್ತದೆ ಹೇಳಿ.

ಆಮೇಲೆ ಮೀಟರಿನ ಎರಡೂ ಕಡ್ಡಿಗಳನ್ನು ಸ್ವಿಚ್ಚಿನ ಒಳಗೆ ಬರುವ ಮತ್ತು ಹೊರಗೆ ಹೋಗುವ ಟರ್ಮಿನಲ್ಲಿಗೆ ಇಟ್ಟೆ. ಬಣ್ಣ ಗೊತ್ತಿದ್ದರೆ ಇದು ಸುಲಭ: ಈ ಕಾರುಗಳಲ್ಲಿ ಕಂದು ವೈರ್ ಬ್ಯಾಟರಿಯಿಂದ ನೇರ ಬರುವುದು, ಬಿಳಿ ಇಗ್ನಿಷನ್ ಕೀ ತಿರುಗಿಸಿದ ಮೇಲೆ, ಹಸಿರು ಅದೇ ಕರೆಂಟ್ ಫ್ಯೂಸ್ ದಾಟಿದ ಮೇಲೆ, ಕೆಂಪು ಪಾರ್ಕಿಂಗ್ ಲೈಟಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥಿಂಗ್, ಅಂದರೆ ಕರೆಂಟ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ದಾರಿ. ಕಂದು ಮತ್ತು ನೀಲಿಯ ನಡುವೆ 1.2 ವೋಲ್ಟ್ ತೋರಿಸಿತು. ಒಳ್ಳೆಯ ಸ್ವಿಚ್ಚಿನಲ್ಲಿ ಇದು 0.2ರ ಒಳಗಿರಬೇಕು. ಲೆಕ್ಕ ಹಾಕಿದರೆ ಸ್ವಿಚ್ಚಿನ ಒಳಗೇ ಸುಮಾರು 10 ವಾಟ್ ಶಾಖ ಹುಟ್ಟುತ್ತಿತ್ತು, ಹಿಂಬದಿಯ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದು ಅದಕ್ಕೇ.

ಬ್ಯಾಟರಿ ಕಳಚಿಟ್ಟು ಸ್ವಿಚ್ ಹೊರಗೆ ತೆಗೆದೆ. ಇಂಥವನ್ನು ಬಿಸಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸದಾಗಿ ಸಿಗುವ ಎಷ್ಟೋ ಸ್ವಿಚ್ಚುಗಳಿಗಿಂತ ಹಳೆಯದರ ತಾಮ್ರ ದಪ್ಪ. ಅಂಚಿನ ನಾಲ್ಕು ತಗಡಿನ ಕಿವಿಗಳನ್ನು ನಿಧಾನಕ್ಕೆ ಎಬ್ಬಿಸಬೇಕು, ಒಳಗಿನ ಸ್ಪ್ರಿಂಗ್ ಮತ್ತು ಚಿಕ್ಕ ಗುಂಡು ಹಾರಿಹೋಗದ ಹಾಗೆ ಇಡೀ ಕೆಲಸವನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಮಾಡಿದರೆ ಒಳ್ಳೆಯದು. ಒಳಗೆ ಗ್ರೀಸು ಒಣಗಿ ಮೇಣದ ಹಾಗೆ ಗಟ್ಟಿಯಾಗಿತ್ತು. ಅದರ ಕೆಳಗೆ ಕಾಂಟ್ಯಾಕ್ಟ್ ಮೇಲೆ ಕಪ್ಪು ಮಸಿ, ಕಿಡಿ ಹಾರಿ ಹಾರಿ ಬಿದ್ದ ಸಣ್ಣ ಗುಳಿಗಳು. ಕ್ಲೀನರ್ ಹಾಕಿ ಗ್ರೀಸ್ ಒರೆಸಿ, ತುಂಬಾ ನಯವಾದ ಮರಳು ಕಾಗದದಿಂದ ಹೊಳಪು ಬರುವ ತನಕ ಮಾತ್ರ ಉಜ್ಜಿದೆ. ಸ್ಪ್ರಿಂಗನ್ನು ಮುಟ್ಟಲಿಲ್ಲ, ಅದರ ಬಿಗಿ ಇನ್ನೂ ಚೆನ್ನಾಗಿತ್ತು. ವಾಪಸ್ ಹಾಕಿ ಅಳೆದರೆ 0.15.

ಇನ್ನು ಅರ್ಥಿಂಗ್. ಮಿನುಗುವ ಲೈಟಿಗೆ ಕಾರಣ ಹುಡುಕಬೇಕಾದ್ದು ಇಂಡಿಕೇಟರಿನಲ್ಲಲ್ಲ. ಕರೆಂಟಿಗೆ ಕಾರಿನ ಲೋಹದ ಮೈಗೆ ಮರಳುವ ಸರಿಯಾದ ದಾರಿ ಸಿಗದಿದ್ದರೆ ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗುತ್ತದೆ, ಅದೂ ಜೊತೆಗೆ ಉರಿಯುತ್ತದೆ. ಡ್ಯಾಶ್‌ಬೋರ್ಡ್ ಹಿಂದೆ ಕಪ್ಪು ವೈರು ಒಂದು ಮೀಟರಿನಿಂದ ಇನ್ನೊಂದಕ್ಕೆ ಸರಪಳಿ ಥರ ಹೋಗಿ ಕೊನೆಗೆ ಒಂದೇ ಸ್ಕ್ರೂಗೆ ಸೇರುತ್ತದೆ. ಆ ಸ್ಕ್ರೂ ಸಡಿಲವಾಗಿತ್ತು, ಅದರ ಕೆಳಗೆ ಪೇಂಟ್ ಬೇರೆ. ಪೇಂಟ್ ಕೆರೆದು ತಗಡು ಕಾಣುವ ಹಾಗೆ ಮಾಡಿ, ಹಲ್ಲಿರುವ ವಾಷರ್ ಹಾಕಿ ಬಿಗಿದೆ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿದೆ. ಮಿನುಗುವುದು ನಿಂತುಹೋಯಿತು. ಮುಂಭಾಗದಲ್ಲಿ ಹೆಡ್‌ಲೈಟಿನ ಅರ್ಥಿಂಗಿಗೂ ಇದೇ ಚಿಕಿತ್ಸೆ, ಅಲ್ಲಿ 0.4 ಇದ್ದದ್ದು 0.05ಕ್ಕೆ ಇಳಿಯಿತು.

ಮುಳ್ಳುಗಳ ಕಥೆಯೂ ಅರ್ಥಿಂಗೇ. ಎರಡು ಮೀಟರ್ ಒಟ್ಟಿಗೆ ಜಾಸ್ತಿ ತೋರಿಸಿದರೆ ಎರಡೂ ಒಟ್ಟಿಗೆ ಕೆಟ್ಟಿರುವುದು ಅಪರೂಪ, ಅಲ್ವಾ? ಎರಡಕ್ಕೂ ಕರೆಂಟ್ ಕೊಡುವ ಸ್ಟೆಬಿಲೈಸರ್ ಅಂತ ಚಿಕ್ಕ ಡಬ್ಬಿ ಒಂದಿದೆ. ಅದರೊಳಗೆ ಎರಡು ಬೇರೆ ಲೋಹ ಸೇರಿಸಿ ಮಾಡಿದ ಒಂದು ಪಟ್ಟಿ ಬಿಸಿಯಾಗಿ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾಗಿ ಮತ್ತೆ ಸೇರುತ್ತದೆ, ಹೀಗೆ ಸರಾಸರಿ 10 ವೋಲ್ಟ್ ಮೀಟರಿಗೆ ಹೋಗುತ್ತದೆ. ಪಟ್ಟಿ ಬಿಸಿ ಮಾಡುವ ಸುರುಳಿಗೆ ಅರ್ಥಿಂಗ್ ಸಿಗುವುದು ಡಬ್ಬಿಯ ಮೈಯಿಂದ. ಅದು ತಪ್ಪಿದರೆ ಪಟ್ಟಿ ಬಾಗುವುದೇ ಇಲ್ಲ, ಪೂರ್ತಿ 12 ವೋಲ್ಟ್ ಹೋಗಿಬಿಡುತ್ತದೆ. ಡಬ್ಬಿ ಕೂರುವ ಜಾಗ ಕೆರೆದು ಸ್ಕ್ರೂ ಬಿಗಿದ ಮೇಲೆ ಎರಡೂ ಮುಳ್ಳು ತಮ್ಮ ಜಾಗಕ್ಕೆ ಬಂದವು.

ಈಗ ಬಲ್ಬಿನಲ್ಲಿ 11.4 ವೋಲ್ಟ್. ಉಳಿದ ನಷ್ಟ ಹಳೆಯ ವೈರು ಮತ್ತು ಬುಲೆಟ್ ಕನೆಕ್ಟರುಗಳಲ್ಲಿದೆ. ಮುಂದಿನ ಕೆಲಸ ಹೆಡ್‌ಲೈಟಿಗೆ ಎರಡು ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ದೂರ ಬೀಳುವ ಹೈ ಬೀಮಿಗೆ ಒಂದು, ತಗ್ಗಿ ಬೀಳುವ ಡಿಪ್ಪಿಗೆ ಒಂದು. ಆಗ ಸುಮಾರು 9 ಆಂಪಿಯರ್ ಸ್ವಿಚ್ ಮೂಲಕ ಹೋಗುವ ಬದಲು ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರಿನಲ್ಲಿ ನೇರ ಬಲ್ಬಿಗೆ ಹೋಗುತ್ತದೆ, ಸ್ವಿಚ್ಚಿಗೆ ರಿಲೇ ಎಳೆಯುವಷ್ಟು ಚೂರು ಕರೆಂಟ್ ಸಾಕು. ರಿಲೇಗಳನ್ನು ರೇಡಿಯೇಟರ್ ಪಕ್ಕ ನೀರು ಬೀಳದ ಜಾಗದಲ್ಲಿ ಕೂರಿಸುತ್ತೇನೆ. ವೈಪರ್ ಸ್ವಿಚ್ ಅದಾದ ಮೇಲೆ.