ಮೂರು ಕಂದಕ, ಒಂದು ಕಿಡಿ

ನಮ್ಮಪ್ಪ ಬಾವಿ ತೋಡುತ್ತಿದ್ದರು. ಅದಕ್ಕೇ ಇರಬೇಕು, ಬೀದರ್ ಕಿಲ್ಲಾಕ್ಕೆ ಹೋದರೆ ನಾನು ಅರಮನೆ ನೋಡುವುದು ಕೊನೆಗೆ. ಮೊದಲು ಕಂದಕದ ದಂಡೆಗೆ ಹೋಗಿ ನಿಲ್ಲುತ್ತೇನೆ. ಹೋದ ಭಾನುವಾರ ಅಕ್ಕನ ಮಗನೂ ಜೊತೆಗಿದ್ದ.

"ಮಾಮಾ, ಒಂದೇ ದೊಡ್ಡದು ತೋಡಿದ್ರ ಸಾಕಿತ್ತಲ್ಲ? ಮೂರ್ಯಾಕ?"

ಇಲ್ಲಿ ಬರೀ ಮಣ್ಣು ಅಗೆದಿಲ್ಲ, ಕೆಂಪು ಕಲ್ಲನ್ನೇ ಕಡಿದಿದ್ದಾರೆ. ಆಗಷ್ಟೇ ಕಡಿದಾಗ ಈ ಕಲ್ಲು ಮೆತ್ತಗೆ, ಗಾಳಿಬಿಸಿಲು ತಾಗಿದ ಮೇಲೆ ಗಟ್ಟಿ. ನಡುವೆ ಎರಡು ಸಾಲು ಬಂಡೆಯನ್ನು ಗೋಡೆಯಂತೆ ಹಾಗೇ ಬಿಟ್ಟಿದ್ದಾರೆ. ಮುತ್ತಿಗೆ ಹಾಕಿದವನು ಒಂದು ಕಂದಕಕ್ಕೆ ಮಣ್ಣು ತುಂಬಿ ದಾಟಿದರೂ ಮುಂದೆ ಇನ್ನೆರಡು. ಅಷ್ಟು ಹೊತ್ತೂ ಮೇಲಿಂದ ಗುಂಡು ಬೀಳುತ್ತಲೇ ಇರುತ್ತದೆ.

1657ರ ಮಾರ್ಚ್‌ನಲ್ಲಿ ಔರಂಗಜೇಬ್ ಬಂದಾಗ ಹೀಗೇ ಆಯಿತು. ಅವನಿನ್ನೂ ಮೊಗಲರ ರಾಜಕುಮಾರ. ಒಳಗೆ ಬಿಜಾಪುರದ ಕಡೆಯ ಕಿಲ್ಲೇದಾರ ಸಿದ್ದಿ ಮರ್ಜಾನ್. ಮೊಗಲರು ಕಂದಕ ತುಂಬುತ್ತಿದ್ದರೆ ಇವನ ಸೈನಿಕರು ಹೊರಗೇ ಬಂದು ಹೊಡೆದಾಡುತ್ತಿದ್ದರು. ಮೊಗಲ್ ಸೇನಾನಿ ಮೀರ್ ಜುಮ್ಲಾನ ತೋಪುಗಳು ಎರಡು ಬುರುಜು ಕೆಡವಿದವು. ಆದರೂ 27 ದಿನ ಹಿಡಿಯಿತು. ಕೊನೆಗೆ ಮೊಗಲರ ರಾಕೆಟ್ಟಿನ ಒಂದು ಕಿಡಿ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ಮೇಲೆ ಬಿತ್ತು. ಮರ್ಜಾನನ ಮೈ ಸುಟ್ಟು ಹೋಯಿತು, ಜೊತೆಗಿದ್ದ ಮಕ್ಕಳೂ ಸುಟ್ಟುಕೊಂಡರು. ಸಾಯುವ ಮುನ್ನ ಕಿಲ್ಲಾದ ಕೀಲಿಕೈ ಕಳಿಸಿಕೊಟ್ಟ. ಔರಂಗಜೇಬ್‌ಗೆ 230 ತೋಪು ಸಿಕ್ಕವು. ಅದೇ ವರ್ಷ ಶಹಜಹಾನ್ ಹಾಸಿಗೆ ಹಿಡಿದ, ಅಣ್ಣತಮ್ಮಂದಿರು ಗದ್ದುಗೆಗೆ ಹೊಡೆದಾಟ ಶುರು ಮಾಡಿದರು.

ನನಗೆ ಜಾಸ್ತಿ ಕಾಡುವುದು ಮಾತ್ರ 1487, ಬೀದರ್ ಬಹಮನಿ ಸುಲ್ತಾನರ ಕೈಯಲ್ಲಿದ್ದ ಕಾಲ. ಅವರ ವಜೀರ ಮಹಮೂದ್ ಗವಾನನನ್ನು ಕೊಲ್ಲಿಸಿ ಆರು ವರ್ಷವಾಗಿತ್ತು. ಇಲ್ಲಿನವರೇ ಆದ ದಖ್ಖನಿಗಳಿಗೂ ಹೊರಗಿನಿಂದ ಬಂದ ಅಫಾಕಿಗಳಿಗೂ ಮುಖ ನೋಡಿದರೆ ಆಗುತ್ತಿರಲಿಲ್ಲ. ಆ ವರ್ಷ ಒಂದು ರಾತ್ರಿ ಸುಲ್ತಾನ ಮಹಮೂದ್ ಶಾನನ್ನು ಮುಗಿಸಲು ಬಂದವರು ಯಾವ ಕಂದಕವನ್ನೂ ದಾಟಬೇಕಾಗಿರಲಿಲ್ಲ. ಕಿಲ್ಲಾದೊಳಗಿನವರೇ ಅಲ್ವಾ! ಅವನು ಶಾ ಬುರುಜು ಹತ್ತಿ ಜೀವ ಉಳಿಸಿಕೊಂಡ.

ಹುಡುಗನಿಗೆ ಇದೆಲ್ಲ ಬೇಕಿರಲಿಲ್ಲ. ಅವನ ತಲೆ ಮರ್ಜಾನನ ಹತ್ತಿರವೇ ನಿಂತಿತ್ತು. "ಬುರುಜಿನ ಹಿಂದನೇ ಮದ್ದು ಯಾಕ ಇಟ್ಟಿದ್ರು?" ಎಂದ. ತೋಪಿಗೆ ಹತ್ತಿರ ಇರಲಿ ಅಂತ, ಎಂದೆ. ನಮ್ಮಪ್ಪ ಬಂಡೆ ಒಡೆಯುವ ಮದ್ದನ್ನು ಮನೆಯಲ್ಲಿ ಇಡುತ್ತಿರಲಿಲ್ಲ. ಹೊಲದ ತುದಿಯ ಗುಡಿಸಲಲ್ಲಿ ಇಟ್ಟು, ಬೀಡಿಯನ್ನು ಬದುವಿನ ಈಚೆಯೇ ಆರಿಸಿ ಹೋಗುತ್ತಿದ್ದರು.